ಒಂದನೇ ಡಬ್ಬಿ

ಸಿಕಂದರಾಬಾದಿನ ಪ್ಯಾಸೆಂಜರ್ ಗಾಡಿಯೊಳಗ
ಏಳು ತಗಡಿನ ಡಬ್ಬಿ ತಪ್ಪಿ ಬಂದು
ಶಹಾಬಾದ ಟೇಶನ್ನಿಗೆ ಇಳದವು.
ಬರಬೇಕಾಗಿದ್ದು ಕತ್ತಿ ಕಾಳಗದ ಸಿನಿಮಾ.
ಬಂದದ್ದು ಹಾಲಿವುಡ್ಡಿನ ಒಬ್ಬ ಮುದುಕ,
ಯಾರ ಮೈಗೋ ಹೊಲಿದ ಕೋಟು ಹಾಕ್ಕೊಂಡು.

ಟಾಕೀಸಿನ ಮಾಲಕ ಮಾಪಣ್ಣ ಹಣಿ ಬಡಕೊಂಡ.
"ನಾಳಿ ರವಿವಾರ. ಖಣಿ ಮಂದಿ ಪಗಾರ ತಗೊಂಡು ಬರ್ತಾರ.
ಇದನ್ನ ಹ್ಯಾಂಗ ತೋರಸ್ಲಿ?"
ಮಶೀನ್ ನಡಸೋ ಲಾಡ್ಲೇಸಾಬ ಅಂದ,
"ತೋರಸ್ರಿ. ತಿಳೀದಿದ್ರ ನಾ ಹೇಳ್ತೀನಿ."

ನಾನು ಗುರುಬಾಯಿ ಮಗಳು.
ಅವ್ವ ಗೇಟಿನಾಗ ಶೇಂಗಾ ಹುರೀತಿದ್ಲು,
ನಾ ಮಶೀನ್ ಖೋಲಿಯ ಕಿಂಡಿಯಿಂದ
ಅರ್ಧ ಜಗತ್ತು ನೋಡ್ತಿದ್ದೆ.
ಇನ್ನರ್ಧಕ್ಕ ಲಾಡ್ಲೇಸಾಬನ ಭುಜ ಅಡ್ಡ.

ಪರದೆ ಮ್ಯಾಲ ಮುದುಕ
ನಿಚ್ಚಣಿಕಿ ಹೊತ್ತು ಬಂದ.
ಗ್ವಾಡಿ ಇಲ್ಲ, ಗಿಡ ಇಲ್ಲ,
ಬರೀ ಗಾಳಿಗೆ ಆನಿಸಿ ಹತ್ತಿದ.
ಹತ್ತಿದ, ಹತ್ತಿದ.
ಒಂದನೇ ಡಬ್ಬಿ ಮುಗೀತು.
ಲೈಟು ಹತ್ತಿದವು. ಶೇಂಗಾ ಪುಡಕಿ. ಲೈಟು ಆರಿದವು.

ಮ್ಯಾಲ ಒಬ್ಬಾಕಿ ಮೋಡ ಹಿಂಡಿ ಒಣಗ ಹಾಕ್ತಿದ್ಲು.
ಬಾಡಿಗಿ ಕೇಳಿದ್ಲು.
ಮುದುಕ ಟೊಪಿಗಿ ಕೊಟ್ಟ.
ಟೊಪಿಗಿ ತತ್ತಿ ಇಟ್ಟಿತು.
ತತ್ತಿ ಒಡದು ರೈಲು ಬಂತು, ಸೀಟಿ ಹೊಡಕೋತ.
ಕಿಂಡಿಗೆ ಬಾಯಿ ಹಚ್ಚಿ ಲಾಡ್ಲೇಸಾಬ ಕೂಗಿದ,
"ಅಕಾ, ಅದು ವಾಡಿಗೆ ಹೋಗೂ ಗಾಡಿ!
ಮುದುಕಗ ಟಿಕೀಟಿಲ್ಲ!"
ಮಂದಿ ಹೊಟ್ಟಿ ಹಿಡಕೊಂಡು ನಕ್ಕರು.
ನಕ್ಕಂಗ ತಲಿಗೂದಲಿನ ಕಲ್ಲಪುಡಿ ಉದುರಿ
ಬೆಳಕಿನ ಕೋಲಿನೊಳಗ ತೇಲಿತು.
ಪರದೆಯ ಮೋಡ ಯಾವುದು, ಖಣಿಯ ಧೂಳು ಯಾವುದು
ನನಗ ಗೊತ್ತಾಗಲಿಲ್ಲ.

ನಡುವ ಒಂದು ಆಫೀಸು.
ಕಾಗದದ ಕಟ್ಟು ಹಿಡದು, ದೊಡ್ಡ ಸಾಹೇಬನ ಮುಂದ
ಮುದುಕ ಓದ್ತಿದ್ದ,
ನಾವು ನೋಡ್ಲಿಕ್ಕತ್ತಿದ್ದ ಇದೇ ಸಿನಿಮಾನ:
ನಿಚ್ಚಣಿಕಿ, ಮೋಡ, ಟೊಪಿಗಿ, ತತ್ತಿ.
ಸಾಹೇಬ ಬಾಗಲಾ ತೋರಿಸಿದ.
"ಏನಂತಾನಂದ್ರ," ಅಂದ ಲಾಡ್ಲೇಸಾಬ,
"ಇದು ಯಾರಿಗೂ ತಿಳೀಂಗಿಲ್ಲ,
ನಿನ್ನ ಕಾಲ ಮುಗೀತು, ಮನೀಗೆ ಹೋಗು."
ನೆಲದ ಕ್ಲಾಸಿನಿಂದ ಕಲ್ಲೊಡೆಯೋ ಭೀಮಶಾ ಎದ್ದು ನಿಂತ,
ಪರದೆಗೆ ಬಟ್ಟು ಮಾಡಿ ಒದರಿದ:
"ಲೇ ಸಾಹೇಬಾ, ನಮಗ ತಿಳದದಲೇ!"

ಓದುವಾಗ ಮುದುಕನ ಕೈಯಾಗ ಕಾಗದ ನಡಗತಿತ್ತು.
ಅದಕ್ಕೂ ನಕ್ಕರು.
ನಾ ಕಿಂಡಿ ಬಿಟ್ಟು ಈ ಕಡಿ ತಿರುಗಿದೆ.
ಮುಂದಿನ ಡಬ್ಬಿಯ ರೀಲು ಬಿಚ್ಚತಿದ್ದ ಲಾಡ್ಲೇಸಾಬನ ಕೈ
ಅದೇ ತಾಳಕ್ಕ.
"ಅದು ಆಟ ಅಲ್ಲ, ಬೇಟೀ" ಅಂದ,
ಕಿಂಡಿಗೆ ಕೇಳದಂಗ.

ಏಳನೇ ಡಬ್ಬಿಯೊಳಗ ಯಾರೋ ನಿಚ್ಚಣಿಕಿ ಕಸಗೊಂಡ್ರು.
ಮುದುಕ ಬಿದ್ದ. ಒಂದು ಬ್ಯಾಂಕು ದಾಟಿ,
ಯಾರದೋ ಮದುವಿಯ ಊಟದ ಮೇಜು ದಾಟಿ
ಬೀಳೂತೇ ಹೋದ.
ನೆಲಕ್ಕ ಬಂದದ್ದು ಕೋಟಷ್ಟೇ.
ದಿ ಎಂಡ್.

ರಾತ್ರಿ ಎರಡನೇ ಆಟಕ್ಕ ಲಾಡ್ಲೇಸಾಬ
ಏಳನೇದನ್ನ ಮೊದಲ ತಿರುವಿದ.
ಮೊದಲ ಖಾಲಿ ಕೋಟು ಬಿತ್ತು, ಆಮ್ಯಾಲ ದಿ ಎಂಡ್.
"ಇದು ಭಾಳ ಚಲೋ!" ಅಂತ ಮಂದಿ ಸೀಟಿ ಹೊಡದ್ರು.
ಆಮ್ಯಾಲ ರೈಲು, ತತ್ತಿ, ಸಾಹೇಬ, ಹ್ಯಾಂಗ್ಯಾಂಗೋ.
"ಹಗಲಿಗಿಂತ ಈಗ ಕಥಿ ಬರೋಬ್ಬರಿ ಅದ" ಅಂದ ಮಾಪಣ್ಣ.
ಕೊನಿಗೆ ಒಂದನೇ ಡಬ್ಬಿ:
ಗಾಳಿಗೆ ಆನಿಸಿದ ನಿಚ್ಚಣಿಕಿ,
ಹತ್ತಿದ, ಹತ್ತಿದ,
ಪರದೆ ಬೆಳ್ಳಗಾಯಿತು.

ಯಾರೂ ಏಳಲಿಲ್ಲ.
ಕೆಳಗ ಪರಸಿಕಲ್ಲು ಇನ್ನೂ ಬೆಚ್ಚಗಿತ್ತು.
ಭೀಮಶಾ ಕತ್ತು ಮ್ಯಾಲ ಮಾಡಿ ಕೇಳಿದ,
"ಮುಂದ?"
"ಹತ್ತಲಿಕ್ಕತ್ಯಾನ" ಅಂತಂದು
ಲಾಡ್ಲೇಸಾಬ ಕಿಂಡಿ ಮುಚ್ಚಿದ.

ಮುಂಜಾನಿ ಡಬ್ಬಿ ವಾಪಸ್ ಗಾಡಿಗೆ ಹೋದವು.
ಹೋಗೂ ಮೊದಲು ಅವ ಸುಣ್ಣದ ಕಡ್ಡಿ ತಗೊಂಡು
ಒಂದರ ತಲಿ ಮ್ಯಾಲ ಒಂದು ಗೀಟು ಎಳದ.
ಏಳಾಯಿತು.
ಏಳರ ಗೀಟು ಉಗುಳು ಹಚ್ಚಿ ಒರಸಿದ.
ಕೈ ನಡಗಿ ಗೀಟು ಜರಾ ಸೊಟ್ಟ ಬಂತು.
"ಓದಲಿಕ್ಕೆ ಬರ್ತದೇನು?" ಅಂತ ನನಗ ಕೇಳಿದ.
ನನಗ ಆಗ ಅಂಕಿ ಬರತಿರಲಿಲ್ಲ,
ಬರ್ತದ ಅಂದೆ.